ಡಾಕ್ಟರ ಒಪ್ಪಿಗೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಶನಿವಾರ ಎದೆಯುರಿ ಎಂದು ಬಡಾವಣೆಯ ಕ್ಲಿನಿಕ್ಕಿಗೆ ಹೋಗಿದ್ದ ಅವಳ ಗಂಡ, ಲಾರಿ ಚಾಲಕ, ಗ್ಯಾಸಿನ ಮಾತ್ರೆ ನುಂಗಿ ಮನೆಗೆ ಬಂದು ಸಂಜೆಯೊಳಗೆ ಹೃದಯಾಘಾತದಿಂದ ತೀರಿಕೊಂಡಿದ್ದ.

"ನೋಡಿದ್ದು ಅಸಿಸ್ಟೆಂಟು ಸಾರ್. ಆದ್ರೆ ನನ್ನೆದುರಿಗೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ರು. ಮನೆಗೆ ಕಳ್ಸು ಅಂದೋರು ಯಾರು? ನನಗದು ಗೊತ್ತಾಗ್ಬೇಕು."

ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಆ ಕ್ಲಿನಿಕ್ಕಿನ ಡಾಕ್ಟರು ಪೇಟೆಯ ಇನ್ನೊಂದು ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. ಇಲ್ಲಿ ರೋಗಿಗಳನ್ನು ನೋಡುವವನು ತರಬೇತಾದ ವೈದ್ಯ ಸಹಾಯಕ. ಎದೆನೋವಿನಂಥ ದೂರು ಬಂದರೆ ಡಾಕ್ಟರನ್ನು ಕೇಳದೆ ಔಷಧಿ ಕೊಡುವಂತಿಲ್ಲ.

"ಶನಿವಾರ ನನಗೆ ಅಲ್ಲಿಂದ ಯಾವ ಫೋನೂ ಬಂದಿಲ್ಲ," ಎಂದು ಪೇಟೆಗೆ ಹೋಗಿ ವಿಚಾರಿಸಿದ ಇನ್ಸ್‌ಪೆಕ್ಟರಿಗೆ ಡಾಕ್ಟರು ಖಡಾಖಂಡಿತ ಹೇಳಿದರು.

"ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸೋ ಕೇಸು ಸಾರ್ ಇದು," ಎಂದರು ದಫೇದಾರರು, ಜೀಪು ಹತ್ತುತ್ತ. ಇನ್ಸ್‌ಪೆಕ್ಟರ್ ಜೀಪನ್ನು ಬಡಾವಣೆಯ ಕ್ಲಿನಿಕ್ಕಿನ ಕಡೆ ಬಿಡಲು ಹೇಳಿದರು.

ಮಧ್ಯಾಹ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಜನ ಕೂತಲ್ಲೇ ಮಿಸುಕಾಡುತ್ತಿದ್ದರು. ಸಹಾಯಕ ಮುದುಕಿಯೊಬ್ಬಳ ಕಾಲಿನ ಹುಣ್ಣು ತೊಳೆಯುತ್ತಿದ್ದ.

"ಒಂದ್ನಿಮಿಷ ಸಾರ್, ಅಜ್ಜಿ ಕಾಲಿನ ಕಟ್ಟು ಬಿಚ್ಚಿಟ್ಟಿದೀನಿ."

"ನಿಧಾನಕ್ಕೆ ಕಟ್ಟಪ್ಪಾ. ಪೊಲೀಸಿನೋರು ಎಲ್ಲೂ ಓಡೋಗಲ್ಲ," ಎಂದಳು ಅಜ್ಜಿ.

ಕಟ್ಟು ಮುಗಿಯುವವರೆಗೂ ಇನ್ಸ್‌ಪೆಕ್ಟರ್ ಕಾದರು. ಅಜ್ಜಿ ಮೆಟ್ಟಿಲಿಳಿಯಲು ಮಹಿಳಾ ಕಾನ್‌ಸ್ಟೆಬಲ್ ಕೈಹಿಡಿದಳು. ಆಮೇಲೆ ಪಂಚನಾಮೆ ಶುರುವಾಯಿತು.

ಮೇಜಿನ ಫೋನನ್ನು ಕಾನ್‌ಸ್ಟೆಬಲ್ ಎತ್ತಿ ಕಿವಿಗಿಟ್ಟಳು; ಸದ್ದೇ ಇರಲಿಲ್ಲ. ವಯರು ಹಿಡಿದು ಬೀರುವಿನ ಹಿಂದಿನಿಂದ ಎಳೆದಳು. ಎಲ್ಲಿಗೂ ಸಿಕ್ಕಿಸದ ತುದಿ ಧೂಳಿನ ಸಮೇತ ಕೈಗೆ ಬಂತು.

"ಯಾರು ಕಿತ್ತಿದ್ದು?" ಇನ್ಸ್‌ಪೆಕ್ಟರ್ ಕೇಳಿದರು.

"ನಾನೇ. ಮಾತಾಡೋವಾಗ ಮಧ್ಯೆ ಬೆಲ್ ಹೊಡ್ಕೊಂಡ್ರೆ ಬಯಲಾಗುತ್ತೆ ಅಂತ."

"ಶನಿವಾರ ಯಾರ ಹತ್ರ ಮಾತಾಡಿದೆ?"

"ಯಾರ ಹತ್ರಾನೂ ಇಲ್ಲ."

ಕಾನ್‌ಸ್ಟೆಬಲ್ ನೀರು ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಇದ್ದ, ಕುಡಿಯಲಿಲ್ಲ.

"ಮೊದ್ಲು ಎಲ್ಲಾನೂ ಕೇಳ್ತಿದ್ದೆ ಸಾರ್. ಒಂದಿನ, ಇಷ್ಟೂ ಗೊತ್ತಿಲ್ವಾ, ದಂಡಪಿಂಡ ಅಂತ ಅವ್ರು ಕೂಗಿದ್ದು ಬೆಂಚಿನ ತನಕ ಕೇಳಿಸ್ತು. ಜನ ನಕ್ರು, ಇಬ್ರು ಎದ್ದೇ ಹೋದ್ರು. ಕೇಳಿದ್ರೆ ಅವ್ರು ಬೈತಾರೆ, ಕೇಳ್ದೆ ಕೊಟ್ರೆ ಇವ್ರು ನಂಬಲ್ಲ. ಫೋನ್ ಹಿಡ್ಕೊಂಡು 'ಸರಿ ಡಾಕ್ಟರೇ' ಅಂದ್ರೆ ಸಾಕು, ರೋಗಿ ಮುಖ ಅರಳೋದು."

"ಶನಿವಾರ ಅನುಮಾನ ಬರ್ಲಿಲ್ವಾ?"

"ಬಂತು. ದೊಡ್ಡಾಸ್ಪತ್ರೆಗೆ ಕಳಿಸೋಣ ಅನ್ನಿಸ್ತು. ಅದಕ್ಕೆ ಡಾಕ್ಟರ ಚೀಟಿ ಬೇಕು, ನಿಜವಾಗ್ಲೂ ಫೋನ್ ಮಾಡ್ಬೇಕಿತ್ತು."

ಮೂರೂವರೆಗೆ ಬಂಧನವಾಯಿತು. ಡಾಕ್ಟರಿಗೂ ನೋಟಿಸು ಹೋಯಿತು.

ಸಂಜೆ ಇನ್ಸ್‌ಪೆಕ್ಟರ್ ತಾವೇ ಆ ಹೆಂಗಸಿನ ಮನೆಗೆ ಹೋದರು. "ಮನೆಗೆ ಕಳ್ಸು ಅಂತ ಯಾರೂ ಹೇಳ್ಲಿಲ್ಲಮ್ಮ. ಫೋನಿನ ಆ ಕಡೆ ಯಾರೂ ಇರ್ಲಿಲ್ಲ."

ಅವಳು ಬಾಗಿಲು ಹಿಡಿದುಕೊಂಡಳು.

"ಫೋನಲ್ಲಿ ಎಷ್ಟು ವಿನಯವಾಗಿ ಮಾತಾಡ್ತಿದ್ರಲ್ಲ ಸಾರ್," ಎಂದಳು. "ಅದನ್ನ ಕೇಳೇ ನಮ್ಮನೆಯವ್ರು, ನಡಿ ಹೋಗಣ, ಏನಿಲ್ವಂತೆ ಅಂದ್ರು."

ಒಂದು ಬೈಗುಳಕ್ಕೆ ಹೆದರಿ ಸಹಾಯಕ ಹೀಗೆ ಮಾಡಿದನೆಂದು ಹೇಳಲು ಹೊರಟ ಇನ್ಸ್‌ಪೆಕ್ಟರ್, ಆಕೆಯ ಮುಖ ನೋಡಿ ಆ ಮಾತು ಬಿಟ್ಟು ಜೀಪಿನತ್ತ ನಡೆದರು.