ಬೊಡ್ಡೆಯೊಳಗೊಂದು ಸ್ಕ್ರೂ

ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿ ಎದೆಗವಚಿಕೊಂಡು ಅವಳು ನರ್ಸರಿಯ ಗೇಟು ತಳ್ಳಿದಾಗ ಉದ್ದಣ್ಣ ನೆರಳಿನ ಬಲೆ ಕಟ್ಟುತ್ತಿದ್ದ. ಈ ಕೆಲಸಕ್ಕೆ ಅವನಿಗೆ ಏಣಿ ಬೇಕಾಗುತ್ತಿರಲಿಲ್ಲ. ಗೇಣುದ್ದದ ಮರಗಳನ್ನು ಕುಂಡದಲ್ಲಿ ಬೆಳೆಸುವ ಮನುಷ್ಯ ತಾನು ಮಾತ್ರ ಆರಡಿ ದಾಟಿ ಬೆಳೆದುಬಿಟ್ಟಿದ್ದ. ಅದಕ್ಕೇ ಬೀದಿಯವರೆಲ್ಲ ಸೇರಿ ಆ ಹೆಸರಿಟ್ಟಿದ್ದರು. ಅವನಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು.

ಅವಳು ಗಂಟನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಬಿಚ್ಚಿದಳು. ಒಳಗಿದ್ದದ್ದು ಒಂದು ಜುನಿಪರ್ ಬೋನ್ಸಾಯ್. ಎಲೆಗಳು ಇನ್ನೂ ಹಸಿರಾಗಿದ್ದವು, ಆದರೆ ಮುಟ್ಟಿದರೆ ಪುಡಿಪುಡಿಯಾಗುತ್ತಿದ್ದವು.

"ಇದಕ್ಕೆ ಸ್ವಲ್ಪ ಹುಷಾರಿಲ್ಲ," ಎಂದಳು.

ಉದ್ದಣ್ಣ ಉಗುರಿನಿಂದ ತೊಗಟೆ ಕೆರೆದು ನೋಡಿದ. ಹಸಿರು ಕಾಣಬೇಕಾದಲ್ಲಿ ಕಂದು ಕಂಡಿತು. ಇದು ಸತ್ತು ತಿಂಗಳುಗಳೇ ಆಗಿವೆ, ಈ ಜಾತಿಯ ಗಿಡ ಸತ್ತ ಮೇಲೂ ಬಹಳ ಕಾಲ ಹಸಿರಾಗಿಯೇ ಇರುತ್ತದೆ, ಎಲ್ಲಿಟ್ಟಿದ್ದಿರಿ ಎಂದು ಕೇಳಿದ. ಅವಳು ತಲೆ ತಗ್ಗಿಸಿದಳು. ಪಕ್ಕದ ರಸ್ತೆಯಲ್ಲಿ ಅವಳದ್ದೊಂದು ಹಲ್ಲಿನ ಕ್ಲಿನಿಕ್ ಇತ್ತು. ಕಾಯುವ ರೋಗಿಗಳ ಕಣ್ಣಿಗೆ ತಂಪಾಗಲೆಂದು ಗಿಡವನ್ನು ಅಲ್ಲಿ, ಏಸಿಯ ಕೆಳಗೆ ಇಟ್ಟಿದ್ದಳಂತೆ. ಬಿಸಿಲಿಗೆ ಹುಟ್ಟಿದ ಗಿಡಕ್ಕೆ ಬಿಸಿಲನ್ನೊಂದು ಬಿಟ್ಟು ಉಳಿದೆಲ್ಲ ಉಪಚಾರವೂ ಆಗಿತ್ತು.

ಕ್ಲಿನಿಕ್ಕಿನ ಹೆಸರು ಕೇಳಿದ್ದೇ ಉದ್ದಣ್ಣ ಅರ್ಧ ಹೆಜ್ಜೆ ಹಿಂದೆ ಸರಿದ. ಆ ಬೋರ್ಡು ಅವನಿಗೆ ಚೆನ್ನಾಗಿ ಗೊತ್ತು. ಎಡಗಡೆಯ ಮೇಲಿನ ದವಡೆ ಹಲ್ಲು ನೋಯತೊಡಗಿದಂದಿನಿಂದ ಆ ಬೋರ್ಡು ಬಂದ ಕೂಡಲೇ ಅವನು ರಸ್ತೆ ದಾಟಿ ಎದುರು ಬದಿಯಲ್ಲಿ ನಡೆಯುತ್ತಿದ್ದ.

ಗಿಡವೂ ಅವನಿಗೆ ಗೊತ್ತಿದ್ದದ್ದೇ. ಕಳೆದ ವರ್ಷದ ಪ್ರದರ್ಶನದಲ್ಲಿ ಇದಕ್ಕೆ ಮೊದಲ ಬಹುಮಾನ ಕೊಟ್ಟ ತೀರ್ಪುಗಾರ ಅವನೇ. ಮುಪ್ಪಿನಲ್ಲಿ ಬೆಳ್ಳಗೆ ಒಣಗಿ ತಿರುಚಿಕೊಂಡ ಬೊಡ್ಡೆ, ಅದನ್ನು ತಬ್ಬಿಕೊಂಡು ಮೇಲೇರಿದ ಒಂದೇ ಒಂದು ಜೀವಂತ ಕಾಂಡ. ಸುಳ್ಳು ಹೇಳದ ಮರ ಎಂದರೆ ಇದು ಎಂದು ಅವನು ಮೈಕ್ ಹಿಡಿದು ಭಾಷಣ ಬೇರೆ ಮಾಡಿದ್ದ.

ಮರ ಅವಳ ತಾತನದು. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ತಾತ, ಜೊತೆಗೆ ಅಜ್ಜಿ, ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿದ್ದರು. ಹೊರಡುವಾಗ ಮನೆಯ ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟ ತಾತ ಮರವನ್ನು ಮಾತ್ರ ಮೊಮ್ಮಗಳ ಕೈಗೇ ಕೊಟ್ಟಿದ್ದರು. ಮೆಟ್ಟಿಲು ಹತ್ತುವಂತಾದರೆ ವಾಪಸ್ ಬರುತ್ತಾರೆ.

"ಸತ್ತ ಬೊಡ್ಡೆಗೆ ಜೀವ ಇರೋ ಸಣ್ಣ ಗಿಡ ಜೋಡಿಸ್ತಾರಂತಲ್ಲ, ಹಾಗೆ ಮಾಡಿಕೊಡಿ," ಎಂದಳು.

ಉದ್ದಣ್ಣ ಸುತಾರಾಂ ಒಪ್ಪಲಿಲ್ಲ. ಹಾಗೆ ಮಾಡುವವರಿದ್ದಾರೆ, ಅದಕ್ಕೊಂದು ವಿದ್ಯೆಯೂ ಇದೆ, ಆದರೆ ಅದು ನೋಡುವವರ ಕಣ್ಣಿಗೆ ಮಣ್ಣೆರಚುವ ಕೆಲಸ, ತಾನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ, ಅದರಲ್ಲೂ ಇಂಥ ಅಪ್ಪಟ ಮರಕ್ಕೆ ಸುಳ್ಳು ಗಿಡ ಅಂಟಿಸುವುದೆಂದರೆ ತನ್ನ ಕೈಯಲ್ಲಾಗದು ಎಂದು ಪ್ರದರ್ಶನದ ಭಾಷಣವನ್ನು ಇನ್ನೊಮ್ಮೆ ಒಪ್ಪಿಸಿದ.

ಅವಳು ಅಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಕೇಳುತ್ತಿದ್ದಷ್ಟು ಹೊತ್ತೂ ಅವಳ ಕಣ್ಣು ಅವನ ಬಾಯಿಯ ಮೇಲಿಂದ ಕದಲಲಿಲ್ಲ. ಉದ್ದಣ್ಣನ ಕಿವಿ ಬೆಚ್ಚಗಾಯಿತು. ತನ್ನ ತುಟಿಯನ್ನು ಒಬ್ಬ ಹೆಣ್ಣುಮಗಳು ಇಷ್ಟು ಗಮನವಿಟ್ಟು ನೋಡಿದ್ದು ಅವನ ಆಯುಷ್ಯದಲ್ಲೇ ಮೊದಲು.

"ನಾನು ದಿನಾ ಸುಳ್ಳು ಹಲ್ಲು ಕಟ್ತೀನಿ," ಎಂದಳು ಕೊನೆಗೆ. "ಅದರಲ್ಲೇ ಜನ ಊಟ ಮಾಡ್ತಾರೆ, ಮೊಮ್ಮಕ್ಕಳ ಜೊತೆ ನಗ್ತಾರೆ. ಯಾರಿಗೆ ಮೋಸ ಆಯ್ತು, ಹೇಳಿ?"

ಉದ್ದಣ್ಣ ಇನ್ನೊಮ್ಮೆ ಗಿಡ ನೋಡಿದ, ಇನ್ನೊಮ್ಮೆ ಆ ಕಣ್ಣು ನೋಡಿದ. ಭಾನುವಾರ ಬನ್ನಿ ಎಂದ.

ಭಾನುವಾರ ಅವಳು ಹಲ್ಲು ಕೊರೆಯುವ ತನ್ನ ಹಳೆಯ ಮೆಷಿನ್ನನ್ನೂ ತಂದಿದ್ದಳು. ಬೊಡ್ಡೆಯ ಹಿಂಭಾಗದಲ್ಲಿ ಬುಡದಿಂದ ತುದಿಯವರೆಗೆ ಒಂದು ಕಾಲುವೆ ಕೊರೆಯಬೇಕು, ಎಳೆಯ ಜುನಿಪರಿನ ಕಾಂಡವನ್ನು ಅದರೊಳಗೆ ಕೂರಿಸಿ ಕಟ್ಟಬೇಕು. ಗಿಡ ದಪ್ಪವಾಗುತ್ತಾ ಹೋದ ಹಾಗೆ ಕಾಲುವೆ ತುಂಬಿಕೊಂಡು, ಎಷ್ಟೋ ವರ್ಷಗಳಾದ ಮೇಲೆ ಎರಡೂ ಒಂದೇ ಮರದಂತೆ ಕಾಣುತ್ತವೆ. ಉದ್ದಣ್ಣ ಇಷ್ಟನ್ನು ವಿವರಿಸಿ ತನ್ನ ಉಳಿಗೆ ಕೈ ಹಾಕುವಷ್ಟರಲ್ಲಿ ಅವಳು ಮಾಸ್ಕ್ ಕಟ್ಟಿಕೊಂಡು ಕೆಲಸ ಶುರು ಮಾಡಿಯಾಗಿತ್ತು.

ಮೆಷಿನ್ನಿನ ಕೊಯ್ಯೆನ್ನುವ ಸದ್ದಿಗೇ ಉದ್ದಣ್ಣ ದವಡೆ ಹಿಡಿದುಕೊಂಡು ಗೋಡೆಗೊರಗಿದ.

"ನೋವಾದ್ರೆ ಕೈ ಎತ್ತಿ," ಎಂದಳು ಅವಳು, ಬೊಡ್ಡೆಯಿಂದ ಕಣ್ಣೆತ್ತದೆ.

ಅವನು ನಿಜವಾಗಿಯೂ ಕೈ ಎತ್ತಿದ. ಮಾಸ್ಕಿನ ಮೇಲೆ ಅವಳ ಕಣ್ಣು ಕಿರಿದಾದವು. ನಗುತ್ತಿದ್ದಾಳೆಂದು ಗೊತ್ತಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು, ಗೊತ್ತಾದ ಮೇಲೆ ಅದನ್ನು ಮರೆಯಲು ಆಗಲೇ ಇಲ್ಲ.

ಅರ್ಧ ಕೊರೆದಿದ್ದಾಳೆ, ಅಷ್ಟರಲ್ಲಿ ಕಿರ್ ಎಂದು ಸದ್ದಾಯಿತು. ಮೊನೆ ಯಾವುದೋ ಲೋಹಕ್ಕೆ ತಾಗಿತ್ತು. ಇಬ್ಬರೂ ಬಗ್ಗಿದರು. ಉದ್ದಣ್ಣ ಸತ್ತ ತೊಗಟೆಯನ್ನು ಸುಲಿದು ತೆಗೆದ. ಅದರಡಿಯಲ್ಲಿ ಹಳೆಯ ಕಾಲುವೆಯೊಂದು ಸ್ಪಷ್ಟವಾಗಿ ಕಾಣಿಸಿತು. ನಡುವೆ, ಮಂಚದ ಕಾಲಿಗೆ ಹಾಕುವಂಥ ಗಟ್ಟಿಮುಟ್ಟಾದ ಒಂದು ಸ್ಕ್ರೂ ತುಕ್ಕು ಹಿಡಿದು ಕೂತಿತ್ತು.

ಸುಳ್ಳು ಹೇಳದ ಮರ ಹಿಂದೆಯೇ ಒಮ್ಮೆ ಸುಳ್ಳು ಹೇಳಿತ್ತು. ತೀರ್ಪುಗಾರರು ಇಂಗು ತಿಂದ ಮಂಗನ ಹಾಗೆ ಅದನ್ನೇ ನೋಡುತ್ತಾ ನಿಂತರು.

"ಅಪ್ಪಟ ಮರ," ಎಂದಳು ಡಾಕ್ಟರು.

ಅವಳು ಮಾಸ್ಕ್ ಕಿತ್ತು, ಮೇಜಿಗೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ತಾತನೂ ಕಳ್ಳನೇ ಎಂದಾಯಿತಲ್ಲ, ಇನ್ನು ತನಗೆ ಪಾಪಪ್ರಜ್ಞೆ ಯಾಕೆ ಎಂಬ ಸಮಾಧಾನ ಆ ನಗುವಿನಲ್ಲಿತ್ತು. ಉದ್ದಣ್ಣನ ಮಾನ ಮಣ್ಣುಪಾಲಾಗಿತ್ತು. ಆದರೂ ಅವಳು ಇನ್ನೊಂದು ಗಳಿಗೆ ಹೀಗೇ ನಗಲಿ ಎನ್ನಿಸಿತು, ಅದಕ್ಕಾಗಿ ಬೇಕಾದರೆ ಇನ್ನೊಂದು ಭಾಷಣ ಮಾಡಲೂ ಸಿದ್ಧನಿದ್ದ.

ಸ್ಕ್ರೂವನ್ನು ಅಲ್ಲೇ ಬಿಟ್ಟು ಅದರ ಪಕ್ಕದಲ್ಲಿ ಹೊಸ ಕಾಲುವೆ ಇಳಿಸಿದರು. ಬೊಡ್ಡೆ ಕೊಳೆಯದಿರಲೆಂದು ಸುಣ್ಣ-ಗಂಧಕದ ನೀರು ಬಳಿದರು. ಇಡೀ ಬೀದಿಗೆ ಕೊಳೆತ ಮೊಟ್ಟೆಯ ವಾಸನೆ ಹಬ್ಬಿತು. ಎದುರು ಮನೆಯವರು ಗ್ಯಾಸ್ ಸೋರುತ್ತಿದೆಯೆಂದು ಹೊರಗೆ ಓಡಿಬಂದರು. ಆ ವಾಸನೆಯ ನಡುವೆ ಎಳೆಯ ಗಿಡವನ್ನು ಅವಳು ಒತ್ತಿ ಹಿಡಿದಳು, ಇವನು ತಂತಿ ಸುತ್ತಿದ. ಸುತ್ತುವಾಗ ಬೆರಳಿಗೆ ಬೆರಳು ತಾಗಿತು. ಅವಳು ಕೈ ತೆಗೆಯಲಿಲ್ಲ. ತೆಗೆದರೆ ಗಿಡ ಜಾರುತ್ತದೆ ಎಂದು ಉದ್ದಣ್ಣ ತನಗೆ ತಾನೇ ಬುದ್ಧಿ ಹೇಳಿಕೊಂಡ.

ಕೆಲಸ ಮುಗಿಯಿತು. ಇನ್ನು ಮಾಡಬೇಕಾದ್ದು ಒಂದೇ: ಬೇರು ಹಿಡಿಯುವವರೆಗೆ ಅದನ್ನು ಯಾರೂ ಮುಟ್ಟದೆ ಸುಮ್ಮನೆ ಬಿಡುವುದು. ಹಾಗೆಂದು ಹೇಳಿದರೆ ಅವಳು ಕೈ ತೊಳೆದುಕೊಂಡು ಹೊರಡುತ್ತಾಳೆ, ಮತ್ತೆ ಬರಲು ಕಾರಣವೇ ಇರುವುದಿಲ್ಲ.

"ಪ್ರತಿ ಭಾನುವಾರ ತಂತಿ ನೋಡ್ತಾ ಇರಬೇಕು," ಎಂದ ಹುಟ್ಟಿದಾಗಿನಿಂದ ಸುಳ್ಳು ಹೇಳದ ಉದ್ದಣ್ಣ. "ಗಿಡ ಯಾರದೋ ಅವರೇ ಬಂದು ನೋಡ್ಬೇಕು."

ಅವಳು ಅವನ ಬಾಯಿಯನ್ನೇ ನೋಡಿದಳು. "ಹೌದಾ," ಎಂದಳು. "ಹಾಗಾದ್ರೆ ಬರ್ತೀನಿ."

ಬಂದಳು. ಭಾನುವಾರದಿಂದ ಭಾನುವಾರಕ್ಕೆ ಬರುತ್ತಲೇ ಇದ್ದಳು. ಉದ್ದಣ್ಣ ಗಂಭೀರವಾಗಿ ತಂತಿಯತ್ತ ಬಗ್ಗಿ ಹೂಂ ಎನ್ನುವುದು, ಅವಳೂ ಬಗ್ಗಿ ಹೂಂ ಎನ್ನುವುದು, ಆಮೇಲೆ ಇಬ್ಬರೂ ಟೀ ಕುಡಿಯುವುದು, ಇಷ್ಟೇ ಚಿಕಿತ್ಸೆ. ಕಟ್ಟಿದ ಹಲ್ಲನ್ನು ಬಚ್ಚಲಲ್ಲಿ ಮರೆತು ಮದುವೆಯಾಗಲು ಹೋದ ಮದುಮಗನ ಕಥೆ ಅವಳು ಹೇಳಿದಳು. ಮರಕ್ಕೆ ನೀರು ಹಾಕಲು ಮರೆತು ಅದರ ಹತ್ತಿರ ಕ್ಷಮೆ ಕೇಳಿದ್ದನ್ನು ಇವನು ಹೇಳಿದ. ಇಡೀ ಬೀದಿಯೇ ಉದ್ದಣ್ಣ ಎನ್ನುತ್ತಿದ್ದರೂ ಅವಳು ಮಾತ್ರ ಒಂದು ಸಲವೂ ಅಣ್ಣ ಅನ್ನಲಿಲ್ಲ, "ನೋಡಿ ಇವ್ರೇ" ಎಂದಷ್ಟೇ ಕರೆಯುತ್ತಿದ್ದಳು. ಇದನ್ನು ಅವನು ಗಮನಿಸಿದ್ದ. ಶನಿವಾರ ಸಂಜೆ ತನ್ನಷ್ಟಕ್ಕೆ ತಾನೇ ಶರ್ಟು ಇಸ್ತ್ರಿಯಾಗುತ್ತಿತ್ತು.

ಹಾಗಿರುವಾಗ ತಾತ ಮೆಟ್ಟಿಲು ಹತ್ತಿಬಿಟ್ಟರೆಂಬ ಸುದ್ದಿ ಬಂತು. ಉದ್ದಣ್ಣನಿಗೆ ಆ ಮುದುಕರ ಮೊಣಕಾಲಿನ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು.

ಅವರು ಬಂದ ದಿನ ಕುಂಡವನ್ನು ಅಲುಗಿಸದೆ ಹೊತ್ತು ತಂದು ಮನೆಯ ಹಿಂದಿನ ಬಿಸಿಲುಕಟ್ಟೆಯ ಮೇಲಿಟ್ಟವನು ಅವನೇ. ತಾತ ಕೋಲೂರಿಕೊಂಡು ಬಂದು ಮರವನ್ನು ಸುತ್ತು ಬಂದರು, ಬಗ್ಗಲಾಗದಿದ್ದರೂ ಬಗ್ಗಿದರು. ಮೊಮ್ಮಗಳು ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಿದ್ದಳು.

"ಚೆನ್ನಾಗಿ ನೋಡ್ಕೊಂಡಿದೀಯ ಕಣಮ್ಮ," ಎಂದರು ತಾತ.

ಅವಳು ಉಸಿರು ಬಿಟ್ಟಳು. ಕಾಫಿ ಮಾಡುತ್ತೇನೆಂದು ಒಳಗೆ ಓಡುವಾಗ ಉದ್ದಣ್ಣನ ಕಡೆ ತಿರುಗಿ ಒಂದು ನಗು ನಕ್ಕಳು. ಅದು ಅವನಿಗೆ ಕೆಲಸ ಮುಗಿದವರ ನಗು ಎನ್ನಿಸಿತು.

ತಾತ ಕೈಕಾಲು ತೊಳೆಯಲು ಹೋದದ್ದೇ ಅಜ್ಜಿ ಅವನ ತೋಳು ಹಿಡಿದು ಮೂಲೆಗೆ ಎಳೆದರು. ಕೊರೆಯುವಾಗ ಒಳಗೆ ಏನಾದರೂ ಸಿಕ್ಕಿತೇ ಎಂದು ಪಿಸುಗುಟ್ಟಿದರು. ಉದ್ದಣ್ಣ ಕಣ್ಣು ಕಣ್ಣು ಬಿಟ್ಟ. ಅಜ್ಜಿಗೆ ಮೊಮ್ಮಗಳ ಮುಖ ನೋಡಿದ ಕೂಡಲೇ ಎಲ್ಲ ಗೊತ್ತಾಗಿತ್ತು, ಯಾಕೆಂದರೆ ಹೊಸದಾಗಿ ಮದುವೆಯಾದಾಗ ಇದೇ ಮುಖ ಹೊತ್ತು ಇದೇ ಕಟ್ಟೆಯ ಬಳಿ ಅವರೂ ನಿಂತಿದ್ದರು. ಗಂಡ ಕೆಲಸದ ಮೇಲೆ ಪರವೂರಿಗೆ ಹೋದಾಗ ಮರ ಒಣಗಿಹೋಗಿತ್ತು. ಮಂಚ ಮಾಡುವ ಬಡಗಿಯನ್ನು ಕರೆಸಿ, ಕೊಂಡು ತಂದ ಗಿಡವೊಂದನ್ನು ಜೋಡಿಸಿದ್ದರು.

"ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಿನ್ನ ದಮ್ಮಯ್ಯ, ಬಾಯಿ ಬಿಡಬೇಡಪ್ಪ."

ಅವನು ಬಿಡುವುದಿಲ್ಲವೆಂದು ಮಾತು ಕೊಟ್ಟ. ಕಾಫಿ ಆಯಿತು. ಸ್ವಲ್ಪ ದೂರ ಕಳಿಸಿಕೊಡಲು ತಾತನೇ ಕೋಲೂರಿಕೊಂಡು ಬಂದರು. ಮನೆ ಕಣ್ಮರೆಯಾಗುವ ತಿರುವಿನಲ್ಲಿ ನಿಂತರು.

"ಮಂಚದ ಸ್ಕ್ರೂ ಇತ್ತಲ್ಲ, ತೆಗೆದುಬಿಟ್ಟೆಯಾ?"

ಅಜ್ಜಿ ಬಂದರೇನೋ ಎಂದು ಉದ್ದಣ್ಣ ಹಿಂದಕ್ಕೆ ನೋಡಿದ. "ಇಲ್ಲ. ಅಲ್ಲೇ ಇದೆ."

"ಇರಲಿ ಬಿಡು." ಅವರು ಕೋಲಿನ ಮೇಲೆ ಭಾರ ಬಿಟ್ಟರು. "ಅವತ್ತು ಊರಿಂದ ಬಂದು ನೋಡಿದ ತಕ್ಷಣ ಗೊತ್ತಾಯ್ತು. ಹೇಳಿಬಿಟ್ಟಿದ್ರೆ ನಮ್ಮನೆಯವಳು ಆ ಮರದ ಹತ್ತಿರ ಮತ್ತೆ ಸುಳೀತಿರಲಿಲ್ಲ. ಹೇಳಲಿಲ್ಲ ನೋಡು, ಎಲ್ಲಿ ಗೊತ್ತಾಗಿಬಿಡುತ್ತೋ ಅಂತ ದಿನಾ ಬೆಳಿಗ್ಗೆ ನನ್ನ ಜೊತೆ ಬಂದು ಅದರ ಮುಂದೆ ನಿಲ್ತಾಳೆ. ಇವತ್ತಿಗೂ ನಿಲ್ತಾಳೆ. ನನಗೆ ಅದು ಸಾಕು."

ಬಹುಮಾನ ಬಂದ ದಿನ ಹೆಂಡತಿಯ ಮುಖ ನೋಡಬೇಕಿತ್ತು ಎಂದು ಹೇಳಿ ತಾವೇ ನಕ್ಕರು. ಮೊಮ್ಮಗಳ ವಿಷಯವೂ ತಮಗೆ ಗೊತ್ತಾಯಿತೆಂದು ಅವಳಿಗೆ ಹೇಳಕೂಡದು ಎಂದು ತಾಕೀತು ಮಾಡಿದರು. ತಿರುಗಿ ಹೊರಟವರು ಮತ್ತೆ ನಿಂತರು. "ಅಂದಹಾಗೆ, ಮರದ ತಂತಿ ವಾರ ವಾರ ನೋಡ್ಬೇಕು ಅಂದೆಯಂತೆ, ಮೊಮ್ಮಗಳು ಫೋನಲ್ಲಿ ಹೇಳಿದ್ದಳು. ಹೊಸದಾಗಿ ಜೋಡಿಸಿದ ಗಿಡಕ್ಕೆ ಯಾವ ಊರಿನ ಪದ್ಧತಿನಪ್ಪ ಅದು?" ಉತ್ತರಕ್ಕೆ ಕಾಯದೆ ಟಕ್ ಟಕ್ ಎಂದು ಕೋಲು ಬಡಿಯುತ್ತಾ ಹೋದರು.

ಉದ್ದಣ್ಣ ರಸ್ತೆಯಲ್ಲಿ ಒಬ್ಬನೇ ನಿಂತ. ಸುಳ್ಳೆಂದರೆ ಆಗದವನ ತಲೆಯ ಮೇಲೆ ಈಗ ಅಜ್ಜಿಯದೊಂದು, ತಾತನದೊಂದು, ಮೊಮ್ಮಗಳದೊಂದು ಗುಟ್ಟು. ಅವೆಲ್ಲ ಬೇರೆಯವರ ಸೊತ್ತು, ಬಿಟ್ಟುಕೊಡುವಂತಿಲ್ಲ. ತನ್ನದೆಂದು ಇದ್ದದ್ದು ಒಂದೇ. ಅದನ್ನಾದರೂ ಇಳಿಸದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ, ಮುಂದಿನ ಭಾನುವಾರ ಬರುವವರು ಯಾರೂ ಇರುವುದಿಲ್ಲ. ಅವನು ಹಿಂದಿರುಗಿದ.

ಅವಳು ಗೇಟಿನ ಬಳಿಯೇ ಇದ್ದಳು, ಅವನು ಮರೆತುಹೋಗಿದ್ದ ತಂತಿಯ ಸುರುಳಿ ಹಿಡಿದುಕೊಂಡು.

"ಡಾಕ್ಟ್ರೇ, ಒಂದು ಮಾತು," ಎಂದ. "ತಂತಿ ವಾರ ವಾರ ನೋಡೋ ಅಗತ್ಯ ಇರಲಿಲ್ಲ. ಸುಮ್ಮನೆ ಬಿಡ್ಬೇಕಿತ್ತು. ನಾನು ಸುಳ್ಳು ಹೇಳಿದೆ. ನೀವು ಬರಲಿ ಅಂತ ಹೇಳಿದೆ. ನೀವು ಬಂದ ಭಾನುವಾರ ಬಿಟ್ರೆ ಉಳಿದ ದಿನಗಳಲ್ಲಿ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ತಿಲ್ಲ."

ಅವಳು ಸುರುಳಿಯನ್ನು ಅವನ ಕೈಗಿಟ್ಟಳು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಜಾರುವ ಗಿಡವೂ ಇರಲಿಲ್ಲ.

"ಗೊತ್ತಿತ್ತು," ಎಂದಳು. "ಏನೂ ಕೆಲಸ ಇಲ್ಲದೆ ಮುಂದಿನ ವಾರ ಬನ್ನಿ ಅನ್ನೋದನ್ನ ನನಗೇ ಕಲಿಸ್ತೀರಾ ಇವ್ರೇ? ನಾನು ಹಲ್ಲಿನ ಡಾಕ್ಟರು."

ಅವಳ ಕಣ್ಣು ಮತ್ತೆ ಉದ್ದಣ್ಣನ ಬಾಯಿಯ ಮೇಲೆ ನಿಂತಿತ್ತು. ಇವತ್ತು ಧೈರ್ಯ ಮಾಡಿ ಕೇಳಿಯೇಬಿಟ್ಟ, ಮೊದಲ ದಿನದಿಂದಲೂ ಹೀಗೆ ಏನು ನೋಡುತ್ತೀರಿ ಎಂದು.

"ಎಡಗಡೆ ಮೇಲಿನ ದವಡೆ ಹಲ್ಲು. ಹುಳುಕು ಹಿಡಿದಿದೆ. ಮೊದಲು ಅದನ್ನೇ ನೋಡ್ತಿದ್ದೆ." ಅವಳ ಕೆನ್ನೆ ಕೆಂಪಾಯಿತು. "ಆಮೇಲೆ ಬರೀ ಅದನ್ನೇ ಅಲ್ಲ."

ಭಾನುವಾರ ಕ್ಲಿನಿಕ್ಕಿಗೆ ರಜೆ, ಆದರೂ ಬಾಗಿಲು ತೆಗೆಯುತ್ತೇನೆ ಎಂದಳು. ಉದ್ದಣ್ಣ ದವಡೆ ಮುಟ್ಟಿಕೊಂಡ.

"ಒಂದೇ ಸಲಕ್ಕೆ ಮುಗಿದುಹೋಗುತ್ತಾ?"

"ಇಲ್ಲ," ಎಂದಳು ಅವಳು, ತಂತಿ ನೋಡುವಾಗಿನ ಅವನ ಗಂಭೀರ ಮುಖವನ್ನೇ ತಾನು ಮಾಡಿಕೊಂಡು. "ವಾರ ವಾರ ನೋಡ್ತಾ ಇರಬೇಕು. ಹಲ್ಲು ಯಾರದೋ ಅವರೇ ಬರಬೇಕು."

ಉದ್ದಣ್ಣ ಹುಳುಕು ಹಲ್ಲು ಕಾಣುವಷ್ಟು ಬಾಯಿ ತೆರೆದು ನಕ್ಕ. ಮನೆಯೊಳಗೆ ಒಂದು ಕಿಟಕಿಯ ಪರದೆಯನ್ನು ತಾತ ಸರಿಸಿದರು, ಇನ್ನೊಂದು ಕಿಟಕಿಯದನ್ನು ಅಜ್ಜಿ. ಇಬ್ಬರೂ ಏನೂ ನೋಡಲಿಲ್ಲವೆಂದು ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಂಡರು.