ನೀರಗುಂಡಿಯ ಮರುಸಮರ

2071ರ ಫೆಬ್ರುವರಿ 11, ಬುಧವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಆರುನೂರ ಹದಿನೇಳು ಮರದ ಸೈನಿಕರು ಒಟ್ಟಿಗೆ ಎಡಗಾಲು ಮುಂದಿಟ್ಟರು. ಆರುನೂರ ಹದಿನೆಂಟನೆಯವನು ಬಲಗಾಲಿಟ್ಟ. ಅವನ ಎಡಮಂಡಿಯಲ್ಲಿ ನೋವಿತ್ತು. ದಾಖಲೆಯಲ್ಲಿ ಹಾಗೆಂದೇ ಇತ್ತು.

ಇದು ಹಳೆಯ ಯುದ್ಧವನ್ನು ಮತ್ತೆ ನಡೆಸಿ ನೋಡಲು ಡಾ. ವಾಗೀಶ ಕಲ್ಮಠ ಅವರು ನಿರ್ಮಿಸಿದ ಮರುಸಮರ ಮೇಜು. ಉದ್ದ ನಾಲ್ಕು ಮೀಟರ್, ಅಗಲ ಎರಡು. ಮೇಲೆ ನೀರಗುಂಡಿಯ ಬಯಲು, ಹಳ್ಳ, ಒಂದು ಅಂಚಿನಲ್ಲಿ ಊರಿನ ಮನೆಗಳು. ಹೆಬ್ಬೆರಳಿನಷ್ಟು ಎತ್ತರದ ಸೈನಿಕರನ್ನು ಕಿನ್ನಾಳದ ಗೊಂಬೆ ಮಾಡುವವರು ಕೆತ್ತಿದ್ದರು. ಪ್ರತಿ ಗೊಂಬೆಯ ಎದೆಯಲ್ಲೂ ಎಳ್ಳುಕಾಳಿನ ಗಾತ್ರದ ಒಂದು ಯಂತ್ರವಿತ್ತು. ಕಲ್ಮಠರು ಅದನ್ನು ಸ್ವಭಾವಬೀಜ ಎಂದು ಕರೆಯುತ್ತಿದ್ದರು. ಒಬ್ಬ ಮನುಷ್ಯನ ವಯಸ್ಸು, ಬಲ, ಹಸಿವು, ಅಂಜಿಕೆ, ನಂಟು ಎಲ್ಲವನ್ನೂ ಅದರಲ್ಲಿ ತುಂಬಿದರೆ ಗೊಂಬೆಯು ಆ ಮನುಷ್ಯ ನಡೆದುಕೊಳ್ಳಬಹುದಾದ ಹಾಗೆ ನಡೆದುಕೊಳ್ಳುತ್ತಿತ್ತು. ಸೇನಾಪತಿ ಆಜ್ಞೆ ಕೊಡಬಹುದು. ಪಾಲಿಸುವುದು, ಬಿಡುವುದು ಗೊಂಬೆಗೆ ಸೇರಿದ್ದು.

ಮುನ್ನೂರು ವರ್ಷಗಳ ಹಿಂದಿನ ಸಿಪಾಯಿಗಳ ಸ್ವಭಾವ ಸಿಕ್ಕಿದ್ದು ಹೆಳವರಿಂದ. ಮನೆಮನೆಗೆ ಬಂದು ಆಯಾ ಮನೆತನದ ವಂಶಾವಳಿ ಓದಿ ಹೇಳುವ ಈ ಜನರ ಪುಸ್ತಕಗಳಲ್ಲಿ ಯಾರು ಯಾರ ಮಗ, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿತ್ತು, ಯಾರ ಕಾಲು ಯಾವಾಗ ಮುರಿಯಿತು ಎಂಬುದೆಲ್ಲ ಇತ್ತು. ಕಲ್ಮಠರು ಒಂದು ಸಾಲನ್ನೂ ಬಿಡದೆ ತುಂಬಿದ್ದರು.

ಮೇಜಿನ ಎರಡು ತುದಿಗಳಲ್ಲಿ ಸೇನಾಪತಿಗಳಾಗಿ ಇಬ್ಬರು ಕುಳಿತಿದ್ದರು. ಏರಿಬಂದಿದ್ದ ನೆರೆಯೂರು ಕೆಂಪಗಡ್ಡಿಯ ಕಡೆ ಸಂಗನಗೌಡ ಗೆದ್ದವರ. ನೀರಗುಂಡಿಯ ಕಡೆ ನಿವೃತ್ತ ಮುಖ್ಯೋಪಾಧ್ಯಾಯಿನಿ ನೀಲಗಂಗಾ ಓಡಿದವರ. ಇವು ಅವರ ಅಡ್ಡಹೆಸರುಗಳು. ಮತದಾರರ ಪಟ್ಟಿಯಲ್ಲೂ ಹೀಗೇ ಇವೆ. ನೀರಗುಂಡಿಯ ಯುದ್ಧದಲ್ಲಿ ಸಂಗನಗೌಡರ ಪೂರ್ವಜ ಗೆದ್ದ, ನೀಲಗಂಗಾ ಅವರ ಪೂರ್ವಜ ದ್ಯಾಮನಗೌಡ ಓಡಿದ ಎಂದು ಎರಡೂ ಊರುಗಳು ನಂಬಿದ್ದವು. ಅರವತ್ತೊಂದು ವರ್ಷದ ನೀಲಗಂಗಾ ಈ ಕಾರಣಕ್ಕೆ ಜನರೆದುರು ಎಂದೂ ಓಡಿದವರಲ್ಲ. ಬಸ್ಸು ಹೊರಟುಹೋದರೆ ಹೋಗಲಿ ಎಂದು ನಿಂತಲ್ಲೇ ನಿಲ್ಲುತ್ತಿದ್ದರು.

ನೀರಗುಂಡಿಯ ಹೊಸ ವಸ್ತುಸಂಗ್ರಹಾಲಯದ ಮುಂದೆ ಸೋಮವಾರ ಒಂದು ಕಲ್ಲು ನಿಲ್ಲುವುದಿತ್ತು. ಅದರ ಕೊನೆಯ ಸಾಲು: 'ದ್ಯಾಮನಗೌಡ ಓಡಿದನು.' ಕಾಗದದ ಮೇಲಿನ ಹೆಸರನ್ನು ಸಹಿಸಿದ್ದ ನೀಲಗಂಗಾ ಕಲ್ಲಿನ ಮೇಲಿನದನ್ನು ಸಹಿಸಲಿಲ್ಲ. ಮೇಜು ಬೇರೆ ಹೇಳಿದರೆ ಸಾಲು ತೆಗೆಯುವುದಾಗಿ ಸಂಗ್ರಹಾಲಯದ ಸಮಿತಿ ಒಪ್ಪಿತ್ತು. ಸಂಗನಗೌಡರು ತಮ್ಮ ಸಾಕ್ಷಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತಂದಿದ್ದರು: ಯುದ್ಧದಲ್ಲಿ ಕಸಿದುಕೊಂಡಿದ್ದೆಂದು ಅವರ ಮನೆಯಲ್ಲಿ ಕಾಪಾಡಿಕೊಂಡು ಬಂದ ಹಿತ್ತಾಳೆ ತಂಬಿಗೆ. ಕಂಠದಲ್ಲಿ ದ್ಯಾಮನಗೌಡನ ಹೆಸರಿತ್ತು.

ಎರಡು ಸೈನ್ಯಗಳು ಬಯಲಿನ ನಡುವೆ ಒಂದು ಗೇಣು ದೂರದಲ್ಲಿ ನಿಂತುಬಿಟ್ಟವು. ಸಂಗನಗೌಡರು ಏರಿಹೋಗಲು ಮೂರು ಸಲ ಆಜ್ಞೆ ಕೊಟ್ಟರು. ಒಂದು ಗೊಂಬೆಯೂ ಕದಲಲಿಲ್ಲ. ಕಲ್ಮಠರು ವಿದ್ಯುತ್ ತಂತಿ ಪರೀಕ್ಷಿಸುತ್ತಿದ್ದಾಗ ನೀರಗುಂಡಿಯ ಮುಂದಿನ ಸಾಲಿನಿಂದ ಒಂದು ಗೊಂಬೆ ಹಿಂದಕ್ಕೆ ತಿರುಗಿ ಊರಿನ ಕಡೆ ಓಡತೊಡಗಿತು. ಅದರ ಬೆನ್ನಿನ ಸಂಖ್ಯೆ ನಲವತ್ತನಾಲ್ಕು. ದ್ಯಾಮನಗೌಡ.

"ನೋಡ್ರಿ ಅಕ್ಕಾರ," ಎಂದರು ಸಂಗನಗೌಡರು, "ಕಟಗಿಲೆ ಮಾಡಿದ್ರೂ ಓಡತಾನ."

ನೀಲಗಂಗಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಸಾಕ್ರಿ ಡಾಕ್ಟರ. ಬಂದ್ ಮಾಡ್ರಿ."

ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸುವುದು ತಮ್ಮ ಪದ್ಧತಿಯಲ್ಲ ಎಂದು ಕಲ್ಮಠರು ವಿನಯದಿಂದಲೇ ಹೇಳಿದರು. ಗೊಂಬೆ ಅಂಚಿನ ಒಂದು ಮನೆಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹೊರಬಂದು, ಹೋದಷ್ಟೇ ವೇಗದಲ್ಲಿ ಮರಳಿ ಬಯಲಿಗೆ ಓಡಿ, ಶತ್ರುಸೈನ್ಯದ ಎದುರು ಸೊಂಟ ಬಗ್ಗಿಸಿ ನಿಂತಿತು. ಆಮೇಲೆ ಎರಡೂ ಕಡೆಯ ಗೊಂಬೆಗಳು ಕುಳಿತುಕೊಂಡವು.

ಕಲ್ಮಠರು ನಲವತ್ತನಾಲ್ಕರ ಬೀಜದ ಬರಹವನ್ನು ಪರದೆಗೆ ತಂದು ಗಟ್ಟಿಯಾಗಿ ಓದಿದರು. ಎದುರಿಗೆ: ಹಿರಿಮಗಳ ಮಾವ. ಸ್ಥಳ: ನಮ್ಮೂರ ಸೀಮೆ. ಬಿಸಿಲು: ಹೆಚ್ಚು. ಕೈಯಲ್ಲಿ ಬೆಲ್ಲ: ಇಲ್ಲ. ನೀರು: ಇಲ್ಲ. ನಿರ್ಧಾರ: ಮನೆಗೆ.

ಆ ಸೀಮೆಯಲ್ಲಿ ಬಿಸಿಲಲ್ಲಿ ಬಂದವನು ಯಾರೇ ಆಗಲಿ, ಮೊದಲು ಬೆಲ್ಲ, ನೀರು. ಆಮೇಲೆ ಬಂದ ಕೆಲಸದ ಮಾತು. ಜಪ್ತಿಗೆ ಬಂದ ಕೋರ್ಟಿನ ಅಮೀನನಿಗೂ ಇದು ತಪ್ಪಿದ್ದಲ್ಲ. ಬೀಗರಿಗೆ ತಪ್ಪೀತೆ? ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತಂದ ಮನೆಗಳು ನೂರಾ ಹನ್ನೊಂದಿದ್ದವು. ಬೆಲ್ಲ ತಿಂದ ಮೇಲೆ ಅದೇ ಕೈಯಲ್ಲಿ ಕತ್ತಿ ಹಿಡಿಯುವುದು ಯಾರಿಂದಲೂ ಆಗಲಿಲ್ಲ.

ಅಂದು, ಮರುದಿನ ಸೇರಿ ನಲವತ್ತು ಸಲ ಮೇಜನ್ನು ನಡೆಸಿದರು. ಯುದ್ಧ ಒಮ್ಮೆಯೂ ನಡೆಯಲಿಲ್ಲ. ಮೂವತ್ತೇಳು ಸಲ ದ್ಯಾಮನಗೌಡ ಓಡಿದ. ಉಳಿದ ಮೂರು ಸಲ ಇನ್ನೊಬ್ಬನ ಬುತ್ತಿಯಲ್ಲಿ ಬೆಲ್ಲವಿತ್ತು.

ನಲವತ್ತೊಂದನೆಯ ಸಲ ಕಲ್ಮಠರು ನಂಟಿನ ದಾಖಲೆಗಳನ್ನು ಅಳಿಸಿ ನೋಡಿದರು. ತಕ್ಷಣ ಘೋರ ಯುದ್ಧವಾಯಿತು. ಇನ್ನೂರ ಹನ್ನೆರಡು ಗೊಂಬೆಗಳು ಉರುಳಿದವು. ಕೆಂಪಗಡ್ಡಿ ಗೆದ್ದಿತು. ದ್ಯಾಮನಗೌಡ ಓಡಲಿಲ್ಲ, ಮುಂದಿನ ಸಾಲಿನಲ್ಲೇ ಬಿದ್ದ.

ಸಂಗನಗೌಡರ ಮುಖ ಅರಳಿತು. ಇದನ್ನೇ ಖಾಯಂ ಮಾಡಿದರೆ ನಾವು ಗೆದ್ದವರಾಗಿಯೇ ಉಳಿಯುತ್ತೇವೆ, ಅಕ್ಕನವರ ಪೂರ್ವಜ ವೀರನಾಗುತ್ತಾನೆ, ಇಬ್ಬರಿಗೂ ಲಾಭ ಎಂದು ವಿವರಿಸಿದರು. ಕಲ್ಮಠರು ಮಧ್ಯೆ ಬಂದು, ಮೇಜು ಇತಿಹಾಸವನ್ನು ಹೇಳುವುದಿಲ್ಲ, ಹೆಚ್ಚು ಸಂಭವ ಯಾವುದು ಎಂದಷ್ಟೇ ಹೇಳುತ್ತದೆ ಎಂದರು.

ನೀಲಗಂಗಾ ಅವರಿಗೆ ಬೇಕಾದ ಉತ್ತರ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಅವರು ಆ ಗೊಂಬೆಯನ್ನು ಎತ್ತಿ ನಿಲ್ಲಿಸಿದರು. ಆಮೇಲೆ ಗಾಜಿನ ಪೆಟ್ಟಿಗೆಯ ಕಡೆ ನೋಡಿದರು.

"ಗೌಡ್ರ, ಯುದ್ಧಕ್ಕ ಮನೀ ತಂಬಿಗಿ ಯಾರ್ ಒಯ್ತಾರ್ರಿ?"

ಸಂಗನಗೌಡರು ತಂಬಿಗೆಯನ್ನು ನೋಡಿದರು. ತಲೆಮಾರುಗಳಿಂದ ಹುಣಿಸೆಹಣ್ಣು ಹಚ್ಚಿ ತಿಕ್ಕಿದ ಆ ಪಾತ್ರೆಯ ಬಗ್ಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಹಂಗಾರ ನಮ್ಮವ್ರು ಗೆದ್ದಿಲ್ಲೇನ್ರಿ?"

"ನೀರು ಕುಡದಾರ. ತಂಬಿಗಿ ಮಾತ್ರ ವಾಪಸ್ ಕೊಟ್ಟಿಲ್ಲ."

ಸಂಗನಗೌಡರು ಪೆಟ್ಟಿಗೆಯ ಬೀಗ ತೆಗೆದರು. ಬೀಗರ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂದು ಅದರಲ್ಲಿ ಅರ್ಧ ಕಿಲೋ ಬೆಲ್ಲ ಹಾಕಿಸಿ ಕೊಟ್ಟರು. ಮುನ್ನೂರು ವರ್ಷ ತಡವಾಯಿತೆಂದು ಕ್ಷಮೆಯನ್ನೂ ಕೇಳಿದರು. ಆ ಸಂಜೆ ತಂಬಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೀಲಗಂಗಾ ಓಡಿಹೋಗಿ ಬಸ್ಸು ಹಿಡಿದದ್ದನ್ನು ಕಂಡವರಿದ್ದಾರೆ.

ಸಮಿತಿಯವರು ಕೊನೆಯ ಸಾಲನ್ನು ತೆಗೆಯಲು ಸಿದ್ಧರಿದ್ದರು. ನೀಲಗಂಗಾ ಬೇಡವೆಂದರು. ಬಯಲಿನಿಂದ ತಮ್ಮ ಹಳೆಯ ಮನೆಯ ಪಾಯದವರೆಗೆ ಕಲ್ಮಠರಿಂದ ಸರಪಳಿ ಹಿಡಿಸಿ ಅಳೆಸಿ, ಅದೇ ಸಾಲನ್ನು ಮುಂದುವರಿಸಿ ಕೆತ್ತಿಸಿದರು. ಕಲ್ಲು ಈಗ ಹೀಗಿದೆ:

ದ್ಯಾಮನಗೌಡ ಓಡಿದನು. ಹೋಗಿ ಬರುವುದೂ ಸೇರಿ, 2,680 ಮೀಟರ್.