ಟ್ರಯಲ್‌ಗೆ ಹೋದ ಬೈಕು

ಏಪ್ರಿಲ್ 16, ಶನಿವಾರ. ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಆಲ್ಡರ್ ಫಾಲ್ಸ್ ಠಾಣೆಗೆ ಡೆರಿಲ್ ಹಾಗ್ ಎಂಬಾತ ಬಂದು, ತನ್ನ ಬೈಕು ಕಳವಾಗಿದೆಯೆಂದು ದೂರು ಕೊಟ್ಟ. ವಯಸ್ಸು ಮೂವತ್ತೆಂಟು, ಕಾಗದದ ಗಿರಣಿಯಲ್ಲಿ ಕೆಲಸ. ಹಿಮ ಕರಗಿ ರಸ್ತೆ ಒಣಗಿ ಒಂದು ವಾರವೂ ಆಗಿರಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಹಳೇ ಬೈಕುಗಳು ಷೆಡ್ಡಿನಿಂದ ಹೊರಬಂದು, ಕೊರಳಿಗೆ 'ಮಾರಾಟಕ್ಕಿದೆ' ಎಂಬ ರಟ್ಟು ಕಟ್ಟಿಕೊಂಡು ಮನೆಗಳ ಮುಂದೆ ನಿಲ್ಲುವ ಕಾಲ ಅದು.

ದೂರು ಬರೆದುಕೊಂಡವನು ಕಾನ್‌ಸ್ಟೆಬಲ್ ಟಾಲೆಫ್‌ಸನ್. ಎದುರಿಗೆ ಡಿಟೆಕ್ಟಿವ್ ಐರೀನ್ ಕುಬಿಯಾಕ್ ಕುಳಿತಿದ್ದಳು.

"ಯಾವ ಗಾಡಿ?"

"ಕ್ರೂಸರ್ ಮೇಡಂ. ದೊಡ್ಡದು. ಕಪ್ಪು ಬಣ್ಣ."

"ತಗೊಂಡು ಹೋದೋನು?"

"ಅರವತ್ತು ದಾಟಿರಬೇಕು. ಬಿಳಿ ಗಡ್ಡ. ಪೇಪರಲ್ಲಿ ಜಾಹೀರಾತು ನೋಡಿ ಫೋನ್ ಮಾಡಿದ್ದ. ಒಂಬತ್ತು ಗಂಟೆಗೆ ಒಬ್ಬಳು ಹೆಂಗಸು ಕಾರಲ್ಲಿ ಇಳಿಸಿ ಹೋದಳು. ಅರ್ಧ ಗಂಟೆ ನೋಡ್ದ. ನೆಲದ ಮೇಲೆ ಮಲಗಿ ಅಡಿಯಿಂದೆಲ್ಲ ನೋಡ್ದ. ಒಂದು ರೌಂಡು ಓಡಿಸ್ಲಾ ಅಂದ. ಲೈಸೆನ್ಸ್ ಇಟ್ಟು ಹೋಗು ಅಂದೆ. ಕೊಟ್ಟ, ಹೋದ. ಅಷ್ಟೇ."

"ಲೈಸೆನ್ಸ್ ಎಲ್ಲಿ?"

ಹಾಗ್ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಐರೀನ್ ನೋಡಿದಳು, ಟಾಲೆಫ್‌ಸನ್ ಕಡೆಗೆ ತಳ್ಳಿದಳು. ಫೋಟೋದಲ್ಲಿದ್ದವನು ಗಡ್ಡವಿಲ್ಲದ, ಇಪ್ಪತ್ತರ ಆಸುಪಾಸಿನ ಹುಡುಗ. ಹೆಸರು ಕರ್ಟಿಸ್ ಪ್ರಿಬೆ.

"ಇದನ್ನ ನೀನು ನೋಡ್ಲೇ ಇಲ್ವಾ?"

"ಇಸ್ಕೊಂಡು ಜೇಬಿಗೆ ಹಾಕ್ಕೊಂಡೆ ಮೇಡಂ. ಅಷ್ಟು ವಯಸ್ಸಾದೋನು ಮೋಸ ಮಾಡ್ತಾನೆ ಅಂತ ಯಾರು ಅಂದ್ಕೋತಾರೆ."

ಟಾಲೆಫ್‌ಸನ್ ಕಂಪ್ಯೂಟರಿನಲ್ಲಿ ಹೆಸರು ಹಾಕಿದ. ಪರದೆ ನೋಡಿದವನೇ ಹಾಗ್‌ನನ್ನು ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದ.

"ಈ ಹುಡುಗ ಸತ್ತು ಮೂರೂವರೆ ವರ್ಷ ಆಯ್ತು ಮೇಡಂ. ಬೈಕ್ ಆಕ್ಸಿಡೆಂಟು. ತಿರುವಿನಲ್ಲಿ ಒಬ್ಬನೇ ರಸ್ತೆ ಬಿಟ್ಟು ಹೋಗಿ ಮರಕ್ಕೆ ಗುದ್ದಿದಾನೆ. ಕುಡಿದಿರಲಿಲ್ಲ. ಒಣ ರಸ್ತೆ. ಕಾರಣ ತಿಳಿದಿಲ್ಲ ಅಂತ ಫೈಲ್ ಮುಚ್ಚಿದಾರೆ."

"ಆ ಬೈಕಿನ ಚಾಸಿ ನಂಬರ್ ಓದು."

ಅವನು ಓದಿದ. ಐರೀನ್ ಹಾಗ್ ತಂದಿದ್ದ ಮಾಲೀಕತ್ವದ ಪತ್ರದ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಸರಿಸುತ್ತಾ ಹೋದಳು. ಹದಿನೇಳೂ ಅವೇ. ಗುಜರಿಗೆ ಹೋಗಬೇಕಿದ್ದ ಬೈಕನ್ನು ಯಾರೋ ರಿಪೇರಿ ಮಾಡಿ, ಬೇರೆ ರಾಜ್ಯದಲ್ಲಿ ಹೊಸ ಪತ್ರ ಮಾಡಿಸಿದ್ದರು. ಆ ಪತ್ರದಲ್ಲಿ ಅಪಘಾತದ ಸುಳಿವೇ ಇರಲಿಲ್ಲ.

ಹನ್ನೆರಡು ಐದಕ್ಕೆ ಹಾಗ್‌ನನ್ನು ಮತ್ತೆ ಒಳಗೆ ಕರೆದರು.

"ಮುದುಕ ನೆಲದ ಮೇಲಿಂದ ಎದ್ದು ಏನಂದ?"

"ಏನಿಲ್ಲ."

"ಡೆರಿಲ್, ನಾನು ಅವನ ಹತ್ರಾನೂ ಇದನ್ನೇ ಕೇಳ್ತೀನಿ."

ಹಾಗ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. "ಹ್ಯಾಂಡಲ್ ಕೂರೋ ಕೊಳವೆ ಹತ್ರ ಫ್ರೇಮು ಬಿರುಕು ಬಿಟ್ಟಿದೆ, ಇದನ್ನ ಯಾರಿಗೂ ಮಾರಬೇಡ ಅಂದ. ಎಲ್ಲರೂ ರೇಟ್ ಇಳಿಸೋಕೆ ಏನೋ ಒಂದು ಹೇಳ್ತಾರೆ ಮೇಡಂ. ನಾನು ನಕ್ಕೆ. ನಿನಗೆ ಬೇಡ ಅಂದ್ರೆ ಬಿಡು, ಮಧ್ಯಾಹ್ನ ಆಸ್ಪತ್ರೆ ನರ್ಸ್ ಒಬ್ಬಳು ಬರ್ತಾಳೆ, ಅವಳಿಗೆ ಇದೇ ಮೊದಲನೇ ಬೈಕು, ಇಷ್ಟೆಲ್ಲ ಪ್ರಶ್ನೆ ಕೇಳಲ್ಲ ಅಂದೆ. ಆಮೇಲೆ ಅವನು ಓಡಿಸಿ ನೋಡ್ತೀನಿ ಅಂದ."

"ನೀನು ಓಡಿಸ್ತಿದ್ದಾಗ ಗಾಡಿ ಹೇಗಿತ್ತು?"

"ಚೆನ್ನಾಗೇ ಇತ್ತು."

"ಹೈವೇಲಿ?"

"ಅರವತ್ತು ದಾಟಿದ್ರೆ ಹ್ಯಾಂಡಲ್ ನಡುಗ್ತಿತ್ತು."

"ಅದಕ್ಕೇ ಮಾರ್ತಿದೀಯ."

ಹಾಗ್ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. ಟಾಲೆಫ್‌ಸನ್ ಅದನ್ನೂ ಬರೆದುಕೊಂಡ.

ಒಂದು ನಲವತ್ತಕ್ಕೆ ಪೊಲೀಸ್ ಕಾರು ಲೈಸೆನ್ಸಿನಲ್ಲಿದ್ದ ವಿಳಾಸ ತಲುಪಿತು. ಊರಾಚೆ, ಇನ್ನೂ ಬಿತ್ತನೆಯಾಗದ ಜೋಳದ ಹೊಲಗಳ ನಡುವೆ ತಗ್ಗು ಮನೆ. ಬಾಗಿಲು ತೆರೆದವಳು ಜೋಆನ್ ಪ್ರಿಬೆ. ಸಮವಸ್ತ್ರ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇದೇ ಬಾಗಿಲಿಗೆ ಪೊಲೀಸರು ಹಿಂದೆ ಒಮ್ಮೆ ಬಂದಿದ್ದರು.

"ಯಾರಿಗೂ ಏನೂ ಆಗಿಲ್ಲ ಅಮ್ಮ," ಎಂದಳು ಐರೀನ್ ಮೊದಲಿಗೇ. "ನಿಮ್ಮ ಯಜಮಾನರು ಎಲ್ಲಿ?"

"ಹಿಂದೆ, ಷೆಡ್ಡಲ್ಲಿ. ಹೊಸ ಗಾಡಿ ತಂದ್ರು. ನಾನೇ ಬಲವಂತ ಮಾಡಿದ್ದೆ. ರಿಟೈರ್ ಆದಾಗಿಂದ ಕುರ್ಚಿ ಬಿಟ್ಟು ಏಳ್ತಿರಲಿಲ್ಲ. ಒಂದು ಬೈಕಾದ್ರೂ ತಗೊಳ್ಳಿ, ಮೊದಲಿನ ಹಾಗೆ ಸುತ್ತಾಡಿ ಬನ್ನಿ ಅಂದೆ. ಒಂದು ತಿಂಗಳಿಂದ ಊರೂರು ತಿರುಗಿ ಆರು ಗಾಡಿ ನೋಡಿದ್ರು, ಒಂದೂ ಒಪ್ಪಲಿಲ್ಲ. ಇವತ್ತು ಬೆಳಗ್ಗೆ ನಾನೇ ಇಳಿಸಿ ಬಂದೆ." ಅವಳು ಷೆಡ್ಡಿನ ಕಡೆ ನೋಡಿದಳು. "ಬಂದಾಗಿಂದ ಒಳಗಿಂದ ಚಿಲಕ ಹಾಕ್ಕೊಂಡಿದಾರೆ. ಕಬ್ಬಿಣ ಕತ್ತರಿಸೋ ಗ್ರೈಂಡರ್ ಸದ್ದು ಕೇಳ್ತಿತ್ತು. ಈಗ ನಿಂತಿದೆ."

ಟಾಲೆಫ್‌ಸನ್ ಬಾಗಿಲು ತಟ್ಟಿದ. ಬಾಗಿಲು ತಕ್ಷಣವೇ ತೆರೆಯಿತು.

ವರ್ನನ್ ಪ್ರಿಬೆ ಮೂವತ್ತೊಂದು ವರ್ಷ ಎರಕದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಚರ್ಮದ ಏಪ್ರನ್ ತೊಟ್ಟಿದ್ದ. ಅವನ ಹಿಂದೆ ನೆಲದ ಮೇಲೆ ಬೈಕು ಬಿದ್ದಿತ್ತು. ಚಕ್ರ ಒಂದು ಕಡೆ, ಟ್ಯಾಂಕು ಒಂದು ಕಡೆ, ಫ್ರೇಮು ಎರಡು ತುಂಡು.

"ಡೆರಿಲ್ ಹಾಗ್ ಅವರ ಬೈಕು ಇದೇನಾ?"

"ಹೌದು."

"ಕದ್ದು ತಂದ್ರಿ."

"ಹೌದು."

"ಮಗನ ಲೈಸೆನ್ಸ್ ಯಾಕೆ ಕೊಟ್ರಿ?"

ಅವನಿಗೆ ಅರ್ಥವಾಗಲಿಲ್ಲ. ಐರೀನ್ ಲೈಸೆನ್ಸನ್ನು ಪ್ಲಾಸ್ಟಿಕ್ ಚೀಲದೊಳಗಿಂದಲೇ ತೋರಿಸಿದಳು. ಅವನು ಹಿಂದಿನ ಜೇಬಿನಿಂದ ಪರ್ಸು ತೆಗೆದು ನೋಡಿದ. ತನ್ನದು ಅಲ್ಲೇ ಇತ್ತು.

"ಎರಡೂ ಒಟ್ಟಿಗೆ ಇರ್ತವೆ," ಎಂದ. "ಗಾಡಿ ಮೇಲೇ ಕಣ್ಣಿತ್ತು. ನೋಡ್ಲಿಲ್ಲ."

"ಗಾಡಿ ಇದೇ ಅಂತ ಹೇಗೆ ಗೊತ್ತಾಯ್ತು?"

"ಹಿಂದೆ ಬ್ಯಾಗ್ ಕಟ್ಟೋಕೆ ಅಂತ ಒಂದು ಕೊಕ್ಕೆ ಬೆಸೆದು ಕೊಟ್ಟಿದ್ದೆ ಅವನಿಗೆ. ಮಲಗಿ ನೋಡಿದ್ರೆ ಕೊಕ್ಕೆ ಅಲ್ಲೇ ಇದೆ. ನನ್ನ ಕೈ ಬೆಸುಗೆ ನನಗೆ ಗೊತ್ತಾಗಲ್ವಾ. ಆಮೇಲೆ ಮುಂದೆ ಸರಿದು ನೋಡ್ದೆ. ಬಿರುಕು ಕಾಣಿಸ್ತು. ಅವನಿಗೆ ಹೇಳ್ದೆ. ನಕ್ಕ."

"ಠಾಣೆಗೆ ಬರಬಹುದಿತ್ತಲ್ಲ?"

"ಮಗ ಹೋದಾಗ ಗಾಡಿ ಒಂದು ಸಲ ನೋಡಬೇಕು ಅಂತ ನಾಲ್ಕು ಸಲ ಬಂದೆ. ಇನ್ಶೂರೆನ್ಸಿನವರು ಒಯ್ದ್ರು ಅಂದ್ರಿ."

ಐರೀನ್ ಟಾಲೆಫ್‌ಸನ್ ಮುಖ ನೋಡಿದಳು. ಅವನು ತಲೆ ತಗ್ಗಿಸಿ ಪಂಚನಾಮೆಯ ಹಾಳೆಗಳನ್ನು ಜೋಡಿಸತೊಡಗಿದ.

ವರ್ನನ್ ಬೆಂಚಿನ ಮೇಲಿದ್ದ ಕೊಳವೆಯ ತುಂಡನ್ನು ದೀಪದ ಕೆಳಗೆ ತಂದ. ಬಿರುಕು ಇದ್ದಲ್ಲೇ ಅದನ್ನು ಬಿಡಿಸಿದ್ದ.

"ಹೊರಗೆ ಕಪ್ಪು. ಇದು ರಿಪೇರಿಯವರು ಆಮೇಲೆ ಹೊಡೆದಿದ್ದು. ಕರ್ಟಿಸ್ ತಗೊಂಡಾಗ ಗಾಡಿ ಫ್ರೇಮ್ ಸಮೇತ ನೀಲಿ, ಆಗಷ್ಟೇ ಬಣ್ಣ ಹೊಡೆದಿದ್ರು. ಬಿರುಕಿನ ಒಳಗೆ ನೋಡಿ ಮೇಡಂ."

ಒಡೆದ ಲೋಹದ ಅಂಚಿನಲ್ಲಿ, ಬೆರಳುಗುರಿನಷ್ಟು ಆಳದವರೆಗೆ, ನೀಲಿ ಇಳಿದಿತ್ತು.

"ಆಕ್ಸಿಡೆಂಟಿನಲ್ಲಿ ಬಿರುಕು ಬಿಟ್ಟಿದ್ರೆ ಒಳಗೆ ಬರೀ ಕಪ್ಪು ಇರಬೇಕಿತ್ತು. ನೀಲಿ ಇದೆ ಅಂದ್ರೆ, ಅವನು ಕೊಳ್ಳೋಕೂ ಮೊದಲೇ ಇತ್ತು ಇದು."

ಎರಡು ಇಪ್ಪತ್ತಕ್ಕೆ ಪಂಚನಾಮೆ ಮುಗಿಯಿತು. ಬೈಕಿನ ಭಾಗಗಳು ಹನ್ನೊಂದು, ಗ್ರೈಂಡರ್ ಒಂದು, ಫ್ರೇಮಿನ ತುಂಡು ಪ್ರತ್ಯೇಕವಾಗಿ ಮೊಹರು ಮಾಡಿದ್ದು. ಕಳವು ಮತ್ತು ಆಸ್ತಿನಾಶದ ಆರೋಪದ ಮೇಲೆ ವರ್ನನ್ ಪ್ರಿಬೆಯನ್ನು ಬಂಧಿಸಲಾಯಿತು. ಜೋಆನ್ ಅವನ ಕೋಟು ತಂದು ತೊಡಿಸಿ, ಗುಂಡಿಗಳನ್ನು ತಾನೇ ಹಾಕಿದಳು. ಅವನ ಕೈಗೆ ಕೋಳ ಹಾಕಬೇಡವೆಂದು ಐರೀನ್ ಕಣ್ಣಲ್ಲೇ ಸೂಚಿಸಿದಳು.

ಅದೇ ಸಂಜೆ ಹಾಗ್ ವಿರುದ್ಧ, ಗಾಡಿಯ ದೋಷ ಮುಚ್ಚಿಟ್ಟು ಮಾರಲು ಹೊರಟಿದ್ದನೆಂದು ಬೇರೊಂದು ವರದಿ ಸಿದ್ಧವಾಯಿತು. ಅದು ಕೋರ್ಟಿನಲ್ಲಿ ನಿಲ್ಲುತ್ತದೆಂಬ ನಂಬಿಕೆ ಐರೀನ್‌ಗೆ ಇರಲಿಲ್ಲ.

ನಾಲ್ಕೂವರೆಗೆ ವರ್ನನ್ ಹೇಳಿಕೆ ದಾಖಲಾಯಿತು. ವಕೀಲರು ಬೇಕೇ ಎಂದು ಎರಡು ಬಾರಿ ಕೇಳಲಾಯಿತು, ಬೇಡವೆಂದ. ಕತ್ತರಿಸಿದ್ದೇಕೆ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಟಾಲೆಫ್‌ಸನ್ ಇದ್ದ ಹಾಗೇ ಬರೆದಿದ್ದಾನೆ:

"ಅವನ ಮೊದಲನೇ ಬೈಕು. ನೋಡೋಕೆ ನನ್ನೇ ಕರ್ಕೊಂಡು ಹೋಗಿದ್ದ. ಮಾರ್ಚ್ ತಿಂಗಳು, ನೆಲದ ತುಂಬ ಕೆಸರು, ಕರಗಿದ ಹಿಮ. ಅಡೀಲಿ ಮಲಗಿ ನೋಡೋಕೆ ನನಗೆ ಮನಸ್ಸಾಗ್ಲಿಲ್ಲ. ಬಗ್ಗಿ ನೋಡ್ದೆ ಅಷ್ಟೇ. ಸರಿಯಾಗಿ ನೋಡಿದ್ಯಾ ಅಪ್ಪಾ ಅಂತ ಎರಡು ಸಲ ಕೇಳ್ದ. ನೋಡಿದೀನಿ, ತಗೋ ಅಂದೆ."